ಬೋರಲು ಹಾಕಿದ ಬಕೆಟ್ಟು

ನಮ್ಮ ಮನೆಯ ಹಸಿರು ಬಕೆಟ್ಟಿನ ಬಗ್ಗೆ ಒಂದು ದಿನ ಕಾಲೇಜಿನಲ್ಲಿ ವಿಚಾರ ಸಂಕಿರಣ ನಡೆಯುತ್ತದೆ ಎಂದು ಗೊತ್ತಿದ್ದರೆ, ಅದನ್ನು ಇನ್ನಷ್ಟು ಚೆನ್ನಾಗಿ ಉಜ್ಜಿ ತೊಳೆದು ಪುಸ್ತಕದೊಳಗೆ ಇಡುತ್ತಿದ್ದೆ. ಹಿಡಿಕೆಯ ಒಂದು ಕಿವಿ ಕಿತ್ತುಹೋಗಿ ತಂತಿ ಕಟ್ಟಿದ್ದ ಬಕೆಟ್ಟು ಅದು. ಅದರ ಮೇಲೆ ಮೂರು ಜನ ಪ್ರಬಂಧ ಮಂಡಿಸಿದರು. ಊಟಕ್ಕೆ ಮುಂಚೆ ಇಬ್ಬರು, ಊಟದ ನಂತರ ಒಬ್ಬರು.

ನಾನು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. ನನ್ನ ಕೆಲಸದಲ್ಲಿ ಮೂಳೆ ಎಂದರೆ ಮೂಳೆ, ಬಿರುಕು ಎಂದರೆ ಬಿರುಕು. ಫಿಲ್ಮನ್ನು ಬೆಳಕಿಗೆ ಹಿಡಿದು ‘ಈ ಪಕ್ಕೆಲುಬು ಯಾವುದರ ಸಂಕೇತ’ ಎಂದು ಯಾವ ಡಾಕ್ಟರೂ ಕೇಳುವುದಿಲ್ಲ. ಎರಡು ವರ್ಷ ಊಟದ ಬಿಡುವಿನಲ್ಲಿ ಕೂತು, ಹಳೆಯ ಫಿಲ್ಮಿನ ಕವರುಗಳ ಹಿಂದೆ, ನನ್ನ ಬಾಲ್ಯವನ್ನು ಬರೆದೆ. ಒಂದೇ ಕೋಣೆಯ ಮನೆ, ಕದ್ದ ಮಾಲನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ ಅಪ್ಪ, ಆಗಾಗ ಬಾಗಿಲು ಬಡಿಯುತ್ತಿದ್ದ ಪೊಲೀಸರು, ಮತ್ತು ಇವೆಲ್ಲದರ ನಡುವೆ ಒಂದು ದಿನವೂ ನನ್ನ ಜಡೆ ಹಾಕುವುದನ್ನು ತಪ್ಪಿಸದ ಅಮ್ಮ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದೆ. ಅದು ಪದವಿ ತರಗತಿಗೆ ಪಠ್ಯವಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಬಕೆಟ್ಟಿನ ಸಂಗತಿ ಇಷ್ಟೇ. ನಮ್ಮದು ಎರಡನೇ ಮಹಡಿ. ಉದ್ದನೆಯ ಮೊಗಸಾಲೆ, ಅದಕ್ಕೆ ಹೊಂದಿಕೊಂಡು ಹನ್ನೊಂದು ಮನೆ, ಎದುರಿಗೆ ಎದೆಮಟ್ಟದ ಗೋಡೆ. ನಲ್ಲಿಯಲ್ಲಿ ಬೆಳಗ್ಗೆ ಒಂದು ಗಂಟೆ ಮಾತ್ರ ನೀರು. ಹಾಗಾಗಿ ಎಲ್ಲರ ಬಕೆಟ್ಟೂ ಸಂಜೆಯವರೆಗೆ ತುಂಬಿ, ಮೇಲೊಂದು ತಟ್ಟೆ ಮುಚ್ಚಿಕೊಂಡು ಬಾಗಿಲ ಪಕ್ಕ ಕೂತಿರುತ್ತಿತ್ತು. ನೀರಿದ್ದ ಮನೆಯವರು ಮಾನವಂತರು ಅನ್ನೋ ಹಾಗೆ. ಆದರೆ ಅಪ್ಪ ವಾರಗಟ್ಟಲೆ ಮಾಯವಾಗಿ ಮನೆಗೆ ಬಂದಾಗ, ಕೆಲವು ಸಲ, ಅಮ್ಮ ಅಷ್ಟೂ ನೀರನ್ನು ಅವನ ಸ್ನಾನಕ್ಕೆ ಕಾಯಿಸಿ ಸುರಿದು, ಬಕೆಟ್ಟನ್ನು ಆ ಗೋಡೆಯ ಮೇಲೆ ಬೋರಲು ಹಾಕುತ್ತಿದ್ದಳು. ನಾಳೆಯ ಚಿಂತೆ ಬಿಟ್ಟು ಗಂಡನಿಗೆ ಎಲ್ಲವನ್ನೂ ಸುರಿದುಬಿಡುವ ಪ್ರೀತಿ ಇದು ಎಂದು ಎಂಟು ವರ್ಷದ ನಾನು ಅರ್ಥ ಮಾಡಿಕೊಂಡಿದ್ದೆ. ನಲವತ್ತೈದು ದಾಟಿದ ಮೇಲೂ ಹಾಗೆಯೇ ಬರೆದೆ. ಪುಸ್ತಕದ ಅತ್ಯಂತ ಮುದ್ದಾದ ಪುಟಗಳು ಅವೇ ಎಂದು ಓದಿದವರೆಲ್ಲ ಹೇಳುತ್ತಾರೆ.

ಮೊದಲನೆಯ ಮೇಷ್ಟ್ರು ಬೋರಲಾದ ಬಕೆಟ್ಟು ಬರಿದಾದ ಹೆಣ್ಣಿನ ಬಾಳಿನ ಸಂಕೇತ ಎಂದರು. ಎರಡನೆಯವರು ಅದು ಗರ್ಭದ ಸಂಕೇತ ಎಂದರು. ಊಟದ ನಂತರದವರು ತಮ್ಮ ನಿದ್ದೆಯನ್ನೂ ನಮ್ಮ ನಿದ್ದೆಯನ್ನೂ ಓಡಿಸುವವರ ಹಾಗೆ ಮೇಜು ಕುಟ್ಟಿ, ಹಸಿರು ಬಣ್ಣ ನಗರವು ಕಳೆದುಕೊಂಡ ಪ್ರಕೃತಿಯ ಸಂಕೇತ ಎಂದರು. ಅಂಗಡಿಯಲ್ಲಿ ಕೆಂಪು ಬಕೆಟ್ಟು ಮುಗಿದುಹೋಗಿತ್ತು ಎಂಬ ಮಾತು ನನ್ನ ಬಾಯಿಯವರೆಗೂ ಬಂದಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ನಡುವೆ ಕೂತು ನಾನೂ ಗಂಭೀರವಾಗಿ ತಲೆ ಆಡಿಸಿದೆ. ಹೊಗಳಿಕೆ ಯಾರಿಗೆ ಬೇಡ?

ಇಸ್ತ್ರಿ ಮಾಮನ ಅಧ್ಯಾಯವನ್ನೂ ಹೊಗಳಿದರು. ನಮ್ಮ ಕಟ್ಟಡದ ಎದುರಿನ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಬಟ್ಟೆ ಇಸ್ತ್ರಿ ಮಾಡುತ್ತಿದ್ದವನು ಅವನು. ಅಪ್ಪನನ್ನು ಪೊಲೀಸರಿಗೆ ಹಿಡಿದುಕೊಟ್ಟವನು. ಅದು ಬಯಲಾದ ದಿನ ಅಪ್ಪ ಅವನದೇ ಕಾದ ಇದ್ದಿಲಿನ ಇಸ್ತ್ರಿಪೆಟ್ಟಿಗೆಯನ್ನು ಅವನ ಎಡಗೈ ಮೇಲೆ ಒತ್ತಿ ಹಿಡಿದಿದ್ದ. ನಾನು ಅದನ್ನು ಮಹಡಿಯಿಂದ ನೋಡಿದ್ದೆ. ‘ದ್ರೋಹಿಗೆ ಶಿಕ್ಷೆಯಾದ ದಿನ’ ಎಂದೇ ಆ ಅಧ್ಯಾಯದ ಹೆಸರು. ಮಗುವಿನ ನ್ಯಾಯಪ್ರಜ್ಞೆಯ ನಿರ್ದಾಕ್ಷಿಣ್ಯ ಚಿತ್ರಣ ಎಂದು ಒಬ್ಬರು ಹೇಳಿದ್ದನ್ನು ನಾನು ಬರೆದಿಟ್ಟುಕೊಂಡೆ, ಎಲ್ಲಾದರೂ ಉಪಯೋಗಕ್ಕೆ ಬರಲಿ ಎಂದು.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ಪುಸ್ತಕದ ತುಂಬ ಬಣ್ಣದ ಚೀಟಿ ಅಂಟಿಸಿಕೊಂಡಿದ್ದಳು.

“ಮೇಡಂ, ಬಕೆಟ್ ನಾಲ್ಕು ಸಲ ಬೋರಲಾಗುತ್ತೆ. ನಾಲ್ಕು ಸಲವೂ ಮುಂದಿನ ಪುಟದಲ್ಲೇ ಪೊಲೀಸರು ಬರ್ತಾರೆ. ನೀವು ಬೇಕಂತಲೇ ಹಾಗೆ ಜೋಡಿಸಿದ್ದಾ?”

ನನಗೆ ತಲೆಬುಡ ಅರ್ಥವಾಗಲಿಲ್ಲ. ನಾಲ್ಕು ಸಲ ಎಂಬುದೇ ನನಗೆ ಗೊತ್ತಿರಲಿಲ್ಲ. ಆದರೆ ಸಭೆಯಲ್ಲಿ ಗೊತ್ತಿಲ್ಲ ಎನ್ನುವುದು ಹೇಗೆ?

“ಹೌದಮ್ಮ, ಬೇಕಂತಲೇ,” ಎಂದೆ. ಸಭೆ ಚಪ್ಪಾಳೆ ತಟ್ಟದಿದ್ದರೂ ಅಧ್ಯಕ್ಷರು ಮೆಚ್ಚಿ ನನ್ನ ಕಡೆ ನೋಡಿದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನನ್ನದೇ ಪುಸ್ತಕವನ್ನು ಕಳ್ಳಿಯ ಹಾಗೆ ತಿರುವಿದೆ. ಹುಡುಗಿ ಹೇಳಿದ್ದು ನಿಜ. ಬಕೆಟ್ಟು ಬೋರಲು, ಬೆಳಗಿನ ಜಾವ ಬಾಗಿಲು ಬಡಿತ. ಮತ್ತೆ ಬಕೆಟ್ಟು, ಮತ್ತೆ ಬಾಗಿಲು. ಅಪ್ಪ ಬಂದು ಸುಮ್ಮನೆ ಇದ್ದು ಹೋದ ದಿನಗಳೂ ಬೇಕಾದಷ್ಟಿವೆ. ಅಂಥ ಪುಟಗಳಲ್ಲಿ ಬಕೆಟ್ಟು ನೆಟ್ಟಗೆ, ಮುಚ್ಚಿಕೊಂಡು, ಬಾಗಿಲ ಪಕ್ಕವೇ ಇದೆ. ಬರೆದವಳು ನಾನು, ಆದರೆ ಇದನ್ನು ಅಲ್ಲಿ ಇಟ್ಟವರು ಯಾರು ಎಂದು ತಿಳಿಯಲಿಲ್ಲ. ಅಷ್ಟರಲ್ಲಿ ಪ್ರಕಾಶಕರ ಫೋನು ಬಂತು. ಎರಡನೇ ಮುದ್ರಣಕ್ಕೆ ತಿದ್ದುಪಡಿ ಇದ್ದರೆ ಶನಿವಾರದೊಳಗೆ ಕೊಡಬೇಕಂತೆ. ಏನೂ ಇಲ್ಲ ಸರ್, ಒಂದೆರಡು ಅಕ್ಷರದೋಷ ಅಷ್ಟೇ ಎಂದೆ.

ಮನೆಗೆ ಬಂದಾಗ ಅಮ್ಮ ಅಡುಗೆಮನೆಯ ಹೊಸ್ತಿಲ ಬಳಿ ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತಿದ್ದಳು. ಎಪ್ಪತ್ತೆರಡು ವರ್ಷ. ಈಗಿನ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ, ಕಲ್ಲು ಸಿಗದಿದ್ದರೆ ತನ್ನ ಕಣ್ಣೇ ಹೋಯಿತು ಎಂದು ಕೊರಗುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ. ಪುಸ್ತಕ ಬಂದಾಗ ಮುಖಪುಟ ಸವರಿ, “ನನ್ನ ಬಗ್ಗೆ ಕೆಟ್ಟದು ಬರ್ದಿಲ್ಲ ತಾನೇ?” ಎಂದು ಕೇಳಿದ್ದಳು. ಇಲ್ಲ ಎಂದಿದ್ದೆ. ಅಷ್ಟಕ್ಕೇ ಮುಗಿದಿತ್ತು.

“ಅಮ್ಮ, ನಿನ್ನ ಬಕೆಟ್ಟು ದೊಡ್ಡ ಮನುಷ್ಯ ಆಗ್ಬಿಟ್ಟಿದೆ,” ಎಂದೆ, ಚಪ್ಪಲಿ ಬಿಡುತ್ತ.

“ಯಾವ ಬಕೆಟ್ಟು?”

“ಹಳೇ ಮನೇದು, ಹಸಿರುದು. ಗೋಡೆ ಮೇಲೆ ಬೋರಲು ಹಾಕ್ತಿದ್ದೆಯಲ್ಲ, ಅದು. ಇವತ್ತು ಪೂರ್ತಿ ಅದರದ್ದೇ ಮಾತು. ಅದು ಸಂಕೇತವಂತೆ.”

ಅಮ್ಮನ ಬೆರಳು ಅಕ್ಕಿಯಲ್ಲೇ ನಿಂತಿತು.

“ಯಾರು ಹೇಳಿದ್ದು?”

“ದೊಡ್ಡ ದೊಡ್ಡ ಮೇಷ್ಟ್ರುಗಳು.”

“ಅವರಿಗೆ ಹೇಗೆ ಗೊತ್ತಾಯ್ತು?”

“ಪುಸ್ತಕ ಓದಿ.”

“ಪುಸ್ತಕದಲ್ಲಿ ಬರ್ದುಬಿಟ್ಟಿದ್ದೀಯಾ?” ಮೊರವನ್ನು ಪಕ್ಕಕ್ಕೆ ತಳ್ಳಿದಳು. “ನಿನಗೆ ಯಾರು ಹೇಳಿದ್ರು? ಅವನು ಬಾಯಿಬಿಟ್ಟನಾ? ಇಷ್ಟು ವರ್ಷ ಆದ್ಮೇಲೆ?”

“ಯಾರಮ್ಮ?”

“ಇಸ್ತ್ರಿಯವನು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಯಾರನ್ನೂ ಕಳ್ಳ ಎಂದಿರಲಿಲ್ಲ. ನನಗೆ ಕುಂಬಳಕಾಯಿ ಕಳುವಾದದ್ದೇ ಗೊತ್ತಿರಲಿಲ್ಲ. ಆಮೇಲೆ ಹೊಳೆಯಿತು: ಅಮ್ಮ ಈ ಸಂಕೇತ ಎಂಬ ಪದವನ್ನು ಕಲಿತದ್ದು ಕಾಲೇಜಿನಲ್ಲಲ್ಲ, ಕೋರ್ಟಿನಲ್ಲಿ. ಅಪ್ಪನ ಮೇಲಿನ ಕೇಸಿನಲ್ಲಿ ಸರ್ಕಾರಿ ವಕೀಲರು ‘ಆರೋಪಿಗಳು ಒಬ್ಬರಿಗೊಬ್ಬರು ಸಂಕೇತ ಕೊಡುತ್ತಿದ್ದರು’ ಎಂದು ಪದೇ ಪದೇ ಓದುತ್ತಿದ್ದರಂತೆ. ಮೇಷ್ಟ್ರುಗಳಿಗೆ ಸಂಕೇತ ಎಂದರೆ ‘ಯಾವುದರದು’ ಎಂದು ಕೇಳಬೇಕಾದ ವಸ್ತು. ಅಮ್ಮನಿಗೆ ‘ಯಾರಿಗೆ’ ಎಂದು ಕೇಳಬೇಕಾದದ್ದು.

“ಯಾರಿಗಮ್ಮ ಸಂಕೇತ?” ಎಂದು ಕೇಳಿದೆ. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು.

ಅಮ್ಮನಿಗೆ ತಾನೇ ಹಳ್ಳಕ್ಕೆ ಬಿದ್ದದ್ದು ಆಗ ಗೊತ್ತಾಗಿರಬೇಕು. ನನ್ನ ಮುಖವನ್ನೇ ನೋಡಿದಳು. ನಾನು ಏನೂ ತಿಳಿಯದೆ ಬಂದಿದ್ದೇನೆ ಎಂಬುದು ಅಲ್ಲಿ ಬರೆದಿತ್ತೇನೋ. ಆ ಭಾಷೆ ಮಾತ್ರ ಅವಳಿಗೆ ಚೆನ್ನಾಗಿ ಓದಲು ಬರುತ್ತದೆ.

“ಸ್ಟೇಷನ್ನಿನವರ ಖಾಕಿ ಬಟ್ಟೆ ಎಲ್ಲಾ ಅವನೇ ಇಸ್ತ್ರಿ ಮಾಡ್ತಿದ್ದ,” ಎಂದಳು. “ದಿನಾ ಸಂಜೆ ಗಂಟು ಹೊತ್ಕೊಂಡು ಹೋಗಿ ಕೊಟ್ಟು ಬರ್ತಿದ್ದ. ನಾನು ಸ್ಟೇಷನ್ ಮೆಟ್ಟಿಲು ಹತ್ತಿದ್ರೆ ಊರೆಲ್ಲಾ ನೋಡೋದು. ಅವನು ಹತ್ತಿದ್ರೆ ಯಾರು ನೋಡ್ತಾರೆ? ಬಕೆಟ್ಟು ಬೋರಲಿದ್ರೆ ಅವನಿಗೆ ಅರ್ಥ ಆಗೋದು. ಅಷ್ಟೇ. ಮಾತಿಲ್ಲ ಕತೆಯಿಲ್ಲ.”

“ಅಂದ್ರೆ ಅಪ್ಪನ್ನ ಹಿಡಿದುಕೊಟ್ಟಿದ್ದು...”

“ನಾನು.”

ನಾನು ನೆಲದ ಮೇಲೆ ಕೂತೆ. ಸಿಟ್ಟು ಬರಬೇಕೋ, ನಗು ಬರಬೇಕೋ, ಏನೂ ಗೊತ್ತಾಗಲಿಲ್ಲ. ಆ ಬಕೆಟ್ಟಿನ ಮೇಲೆ ನಾನು ನನ್ನ ಅಪ್ಪ ಅಮ್ಮನ ಇಡೀ ದಾಂಪತ್ಯವನ್ನು ಕಟ್ಟಿ ನಿಲ್ಲಿಸಿದ್ದೆ. ಆರು ವರ್ಷದ ಹಿಂದೆ ಅಪ್ಪ ಇದೇ ಮನೆಯಲ್ಲಿ, ಶ್ವಾಸಕೋಶ ಕೆಟ್ಟು, ಅಮ್ಮನ ಕೈಯಿಂದಲೇ ಗುಟುಕು ನೀರು ಕುಡಿದು ಸತ್ತ. ಎಂಟು ತಿಂಗಳು ಅವಳು ಅವನ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದಳು. ಅದೂ ಈಗ ಬೇರೆ ಏನೋ ಆಗಿರಬಹುದೇ?

“ಹಾಗಾದ್ರೆ ಸ್ನಾನದ ನೀರು? ಅದು ಬರೀ ನೆಪನಾ?”

“ಯಾಕೆ ನೆಪ?” ಅಮ್ಮನಿಗೆ ಕೋಪ ಬಂತು. “ನೀರೂ ಕಾಯಿಸಿ ಕೊಟ್ಟೆ, ಅವನನ್ನೂ ಹಿಡಿದು ಕೊಟ್ಟೆ. ಎರಡೂ ನಾನೇ. ಬೆನ್ನು ಉಜ್ಜೋವಾಗ ಅಳು ಬರೋದು ನನಗೆ. ಒಳಗೆ ಹೋದ್ರೆ ಅಲ್ಲಿ ಬಿಸಿನೀರು ಯಾರು ಕೊಡ್ತಾರೆ ಅಂತ.”

“ಮತ್ತೆ ಯಾಕಮ್ಮ?”

“ಬಂದಾಗಲೆಲ್ಲ ಹಾಕ್ತಿದ್ನಾ? ನೀನೇ ನೋಡಿದ್ದೀಯಲ್ಲ. ಅವನು ಏನು ಬೇಕಾದ್ರೂ ಮಾಡ್ಕೊಂಡಿರ್ಲಿ, ನಾನು ಕೈ ಹಾಕ್ತಿರ್ಲಿಲ್ಲ. ‘ನಾಳೆ ಮಗಳನ್ನ ಸ್ಕೂಲಿಗೆ ನಾನೇ ಕರ್ಕೊಂಡು ಹೋಗ್ತೀನಿ’ ಅಂತ ಅಂದ್ರೆ ಮಾತ್ರ ಬೋರಲು ಹಾಕ್ತಿದ್ದೆ.”

ಅಪ್ಪನ ಜೊತೆ ಸ್ಕೂಲಿಗೆ ಹೋದ ಬೆಳಗುಗಳು ಪುಸ್ತಕದಲ್ಲಿವೆ. ನನ್ನ ಚೀಲವನ್ನು ಅವನೇ ಹೊತ್ತು, ಹಾದಿಯುದ್ದಕ್ಕೂ ಒಗಟು ಹೇಳುತ್ತ, ಸ್ಕೂಲಿನ ತಿರುವಿನಲ್ಲಿ ಚೀಲವನ್ನು ನನ್ನ ಹೆಗಲಿಗೆ ಏರಿಸುತ್ತಿದ್ದ. ಪುಸ್ತಕಗಳ ಕೆಳಗೆ ಒಂದು ಬಟ್ಟೆಯ ಗಂಟು ಇರುತ್ತಿತ್ತು. ಗೇಟಿನ ಎದುರಿನ ಚಹಾದಂಗಡಿಯ ಅತ್ತೆಗೆ ಅದನ್ನು ಕೊಟ್ಟರೆ ನನಗೊಂದು ಬಿಸ್ಕತ್ತು. ಗಂಟಿನಲ್ಲಿ ಕದ್ದ ಸರಗಳಿದ್ದವು ಎಂದು ದೊಡ್ಡವಳಾದ ಮೇಲೆ ತಿಳಿಯಿತು. ಅದನ್ನೂ ಸಾಹಸದ ಹಾಗೆ, ಸ್ವಲ್ಪ ಜಂಬದಿಂದಲೇ ಬರೆದೆ. ಅಪ್ಪ ನನ್ನನ್ನು ನಂಬುತ್ತಿದ್ದ ಎಂದು ಬರೆದೆ. ಈಗ ಯೋಚಿಸಿದರೆ ಹಾಗೆ ನಾನು ಹೋದದ್ದು ಮೂರೋ ನಾಲ್ಕೋ ಬಾರಿ. ಉಳಿದ ಬೆಳಗುಗಳಲ್ಲಿ ಅಪ್ಪನೇ ಇರಲಿಲ್ಲ, ಅವನನ್ನು ಕರೆದುಕೊಂಡು ಹೋಗಿದ್ದರು. ನಾನು ಅತ್ತು ರಂಪ ಮಾಡಿ ಅಮ್ಮನ ಜೊತೆ ಹೋಗುತ್ತಿದ್ದೆ.

“ಚೀಲದಲ್ಲಿ ಮಾಲು ಸಿಕ್ಕಿಹಾಕ್ಕೊಂಡ್ರೆ ನಿನ್ನ ಹೆಸರು ಬರ್ಕೊಳ್ತಾರೆ,” ಎಂದಳು ಅಮ್ಮ. “ಒಂದ್ಸಲ ಆ ರಿಜಿಸ್ಟರಿನಲ್ಲಿ ಹೆಸರು ಬಂದ್ರೆ ಸಾಯೋವರೆಗೂ ಅಳಿಸೋಕಾಗಲ್ಲ. ಅವನ ಹೆಸರು ಹೇಗಿದ್ರೂ ಇತ್ತಲ್ಲ.”

ಇಷ್ಟು ಹೇಳಿ ಅಮ್ಮ ಮತ್ತೆ ಮೊರ ಎಳೆದುಕೊಂಡಳು. ತಲೆ ಎತ್ತದೆ ಕೇಳಿದಳು: “ನಿಮ್ಮ ಚಿಕ್ಕಪ್ಪ ಪುಸ್ತಕ ಓದಿದಾನಾ?”

ಅಪ್ಪನ ತಮ್ಮ ಅವನು. ನಾಲ್ಕನೆಯ ಸಲ ಪೊಲೀಸರು ಬಂದಾಗ ನಮ್ಮ ಮನೆಯಲ್ಲಿ ಮಲಗಿದ್ದ, ಅವನನ್ನೂ ಎಳೆದುಕೊಂಡು ಹೋದರು. ಹಳೆಯ ಕೇಸುಗಳೆಲ್ಲ ಮೈಮೇಲೆ ಬಿದ್ದು ಅವನು ಹನ್ನೊಂದು ವರ್ಷ ಒಳಗಿದ್ದ. ಅವನ ಹೆಂಡತಿ ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡು ಬೇರೆಯವನ ಜೊತೆ ಹೋದಳು. ಈಗ ತಣ್ಣಗಾಗಿದ್ದಾನೆ ಎನ್ನುತ್ತಾರೆ. ಆದರೆ ಹೋದ ವರ್ಷ ಯಾರೋ ಗಾಡಿ ತಾಗಿಸಿದ್ದಕ್ಕೆ ಅವನು ಏನು ಮಾಡಿದ ಎಂಬುದರ ಎಕ್ಸ್-ರೇಯನ್ನು ತೆಗೆದವಳು ನಾನೇ. ಪ್ರತಿ ಭಾನುವಾರ ನಮ್ಮ ಮನೆಗೆ ಬಂದು, “ಅತ್ತಿಗೆ ಕೈಯ ಚಹಾ ಕುಡಿದ್ರೇನೇ ವಾರ ಮುಗಿಯೋದು” ಎನ್ನುತ್ತಾನೆ. ನನ್ನ ಪುಸ್ತಕದ ಹತ್ತು ಪ್ರತಿ ಕೊಂಡು ಹಂಚಿದ್ದಾನೆ. ಇಸ್ತ್ರಿ ಮಾಮನ ಅಧ್ಯಾಯ ಅವನಿಗೆ ಬಾಯಿಪಾಠ.

“ಓದಿದಾನೆ,” ಎಂದೆ.

“ಅವನಿಗೆ ಗೊತ್ತಾಗಿಲ್ಲ ತಾನೇ?”

“ನನಗೇ ಗೊತ್ತಿರ್ಲಿಲ್ಲ ಅಮ್ಮ.”

ಮರುದಿನ ರಜೆ ಹಾಕಿ ಇಸ್ತ್ರಿ ಮಾಮನನ್ನು ಹುಡುಕಿಕೊಂಡು ಹೊರಟೆ. ಹುಡುಕುವ ಕಷ್ಟ ಬರಲಿಲ್ಲ. ಬಸ್ ಡಿಪೋ ಹಿಂದಿನ ಮೂರನೇ ಬೀದಿ ಎಂದು ಅಮ್ಮನೇ ಹೇಳಿದಳು. ನಿನಗೆ ಹೇಗೆ ಗೊತ್ತು ಎಂದು ನಾನೂ ಕೇಳಲಿಲ್ಲ. ಯಾಕೆ ಹೊರಟಿದ್ದೇನೆ ಎಂದೂ ನನಗೆ ಸರಿಯಾಗಿ ತಿಳಿದಿರಲಿಲ್ಲ. ಕ್ಷಮೆ ಕೇಳಲೋ, ಅಮ್ಮ ಹೇಳಿದ್ದು ಸುಳ್ಳು ಎಂದು ಯಾರಾದರೂ ಹೇಳಲಿ ಎಂದೋ?

ಲಿಫ್ಟಿನಷ್ಟು ಅಗಲದ ಅಂಗಡಿ. ಈಗ ಕರೆಂಟಿನ ಪೆಟ್ಟಿಗೆ. ಮುದುಕ ಬಲಗೈಯಿಂದ ಇಸ್ತ್ರಿ ಒತ್ತುತ್ತಿದ್ದ, ಎಡಗೈಯನ್ನು ಬಟ್ಟೆ ಜಾರದ ಹಾಗೆ ತೂಕದ ಕಲ್ಲಿನಂತೆ ಇಟ್ಟಿದ್ದ. ಅದರ ಬೆರಳುಗಳು ಒಳಕ್ಕೆ ಮಡಚಿ ಹಾಗೆಯೇ ನಿಂತಿದ್ದವು. ನಾನು ಯಾರೆಂದು ಹೇಳಲು ಬಾಯಿ ತೆರೆದೆ.

“ಗೊತ್ತು,” ಎಂದ. “ಪುಸ್ತಕದ ಹಿಂದೆ ಫೋಟೋ ಇದೆಯಲ್ಲ. ಮೊಮ್ಮಗಳಿಗೆ ಅದೇ ಪಾಠ. ಅವಳೇ ಓದಿ ಹೇಳಿದ್ಲು.”

ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ಅದು ನೀವೇ ಅಂತ ಅವಳಿಗೆ ಗೊತ್ತಾ ಮಾಮ?”

“ಕೈ ನೋಡಿ ಗೊತ್ತಾಯ್ತು. ಪೆದ್ದಿ ಅಲ್ಲ ಅವಳು. ಎರಡು ದಿನ ಮಾತಾಡ್ಲಿಲ್ಲ. ಆಮೇಲೆ ‘ತಾತ, ನೀನು ಯಾಕೆ ಹಾಗೆ ಮಾಡ್ದೆ’ ಅಂದ್ಲು. ಪೊಲೀಸರು ಹೆದರಿಸಿದ್ರು ಕಣವ್ವ ಅಂದೆ. ಪರೀಕ್ಷೆಯಲ್ಲಿ ಹಾಗೇ ಬರ್ದಳಂತೆ, ಒಳ್ಳೇ ಅಂಕ ಬಂತು.” ಅಂಗಿಯ ಕಾಲರು ತಿರುಗಿಸಿ ನೀರು ಚಿಮುಕಿಸಿದ. “ನನ್ನ ಮೀಸೆ ಬಗ್ಗೆ ಮಾತ್ರ ತಪ್ಪು ಬರ್ದಿದ್ದೀಯ. ಆಗ ನನಗೆ ಮೀಸೆ ಎಲ್ಲಿತ್ತು?”

ನಾನು ನಗಲಿಲ್ಲ. ಅಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಅವನು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸ್ವಿಚ್ಚು ಆರಿಸಿದ. ಬೀದಿಯ ಎರಡೂ ಕಡೆ ನೋಡಿದ.

“ಅಕ್ಕ ಯಾಕೆ ಬಾಯಿಬಿಟ್ಳು?” ಎಂದ. ಬೇಸರವಾದ ಹಾಗಿತ್ತು.

“ಒಂದು ಪದದಿಂದ ಎಡವಟ್ಟಾಯ್ತು ಮಾಮ. ಶನಿವಾರದೊಳಗೆ ತಿದ್ದೋಕೆ ಅವಕಾಶ ಇದೆ. ನಾನು ಎಲ್ಲಾ ತಿದ್ತೀನಿ. ನಿಮ್ಮ ಮೊಮ್ಮಗಳಿಗಾದ್ರೂ ಗೊತ್ತಾಗ್ಲಿ.”

“ತಲೆ ನೆಟ್ಟಗಿದೆಯಾ ನಿನಗೆ? ನನ್ನ ಹೆಸರು ಎತ್ತಿ ನಿಲ್ಲಿಸಿದ್ರೆ ಅಕ್ಕನ ಹೆಸರು ಬೀಳುತ್ತೆ. ನಿನ್ನ ಚಿಕ್ಕಪ್ಪ ಇನ್ನೂ ಇದ್ದಾನಲ್ಲ.” ಕೈಯನ್ನು ಮೇಜಿನ ಮೇಲೆ ಇಟ್ಟ, ಯಾರೋ ಬಿಟ್ಟುಹೋದ ವಸ್ತುವಿನ ಹಾಗೆ. “ಇದೊಂದು ಕೈಯಲ್ಲಿ ಮುಗಿದುಹೋಗಿದೆ. ಇದನ್ನ ಯಾಕೆ ದೊಡ್ಡದು ಮಾಡ್ತೀಯ?”

“ನೀವು ಯಾಕೆ ಮಾಮ ಒಪ್ಪಿಕೊಂಡ್ರಿ? ನಿಮಗೇನಿತ್ತು?”

“ಒಂದು ಬೆಳಗ್ಗೆ ಬಟ್ಟೆ ತರೋಕೆ ಹೋಗಿದ್ದಾಗ ಸ್ಕೂಲಿನ ತಿರುವಿನಲ್ಲಿ ನೋಡಿದ್ನಲ್ಲ, ನೀನು ಆ ಚೀಲ ಹೊತ್ಕೊಂಡು ಹೋಗೋದನ್ನ. ಬಗ್ಗಿ ಹೋಗ್ತಿದ್ದೆ.” ಮತ್ತೆ ಸ್ವಿಚ್ಚು ಹಾಕಿದ. ನಾನು ಹೊರಡುವಾಗ ಕರೆದ. “ಒಂದು ಮಾತು ತಿದ್ದು, ಅದರಿಂದ ಯಾರಿಗೂ ಏನೂ ಆಗಲ್ಲ. ನಾನು ನಾಯಿ ಹಾಗೆ ಕೂಗಿದೆ ಅಂತ ಬರ್ದಿದ್ದೀಯ. ನಾನು ಕೂಗಲೇ ಇಲ್ಲ. ಕೂಗೋಕೆ ಬಾಯಿ ತೆಗೆದಿದ್ರೆ ಅಕ್ಕನ ಹೆಸರು ಬಂದುಬಿಡ್ತಿತ್ತು. ಹೆದರಿ ಬಾಯಿಗೆ ಬಟ್ಟೆ ತುರುಕ್ಕೊಂಡಿದ್ದೆ.”

ಹಾಗಾದರೆ ನಾನು ಕೇಳಿದ ಕೂಗು ಯಾರದು? ಆ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಪುಸ್ತಕ ಬರೆಯುವಾಗ ಅದೊಂದರ ಬಗ್ಗೆ ನನಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ದಾರಿಯುದ್ದಕ್ಕೂ ನೆನಪು ಮಾಡಿಕೊಂಡೆ. ನೆನಪು ಮಾಡಿಕೊಂಡಷ್ಟೂ ಅದು ದೂರದಿಂದ ಬಂದದ್ದೋ ಹತ್ತಿರದಿಂದ ಬಂದದ್ದೋ ಎಂದು ಕಲಸಿಹೋಯಿತು. ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಇಳಿದೆ.

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಮೇಜಿನ ಮುಂದೆ ಪುಸ್ತಕ ತೆರೆದು ಕೂತೆ. ಕೆಂಪು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಇಷ್ಟೇ ಆಗಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂಥ ಒಂದು ವಾಕ್ಯ ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದೆ. ಮಾಮನನ್ನು ಎತ್ತಬೇಕು, ಅಮ್ಮನನ್ನು ಬೀಳಿಸಬಾರದು. ಅಪ್ಪನನ್ನು ಏನು ಮಾಡಬೇಕು ಎಂಬುದಂತೂ ಗೊತ್ತೇ ಆಗಲಿಲ್ಲ. ಅವನ ಒಗಟುಗಳು ಈಗಲೂ ನನಗೆ ನೆನಪಿವೆ, ಅವು ಚೆನ್ನಾಗಿಯೇ ಇದ್ದವು.

ಅಮ್ಮ ಬಂದು ಹಿಂದೆ ನಿಂತಳು.

“ಅವನ ಬಗ್ಗೆ ಏನು ಬರ್ದಿದ್ದೀಯ? ಓದು.”

“ಬೇಡ ಬಿಡಮ್ಮ.”

“ಓದು ಅಂದೆ.”

ಓದಿದೆ. ಇಸ್ತ್ರಿ ಮಾಮನ ಮೇಜು, ಅಪ್ಪ ಮೆಟ್ಟಿಲಿಳಿದು ಹೋದದ್ದು, ಎಲ್ಲ ಮನೆಯವರೂ ಮೊಗಸಾಲೆಗೆ ಬಂದು ಸಾಲಾಗಿ ನಿಂತದ್ದು. ‘ನಾಯಿ’ ಬರುವ ಕಡೆ ನಿಲ್ಲಿಸಿ, ‘ಅವನು ಕೂಗಲಿಲ್ಲ, ತುಟಿ ಬಿಗಿಹಿಡಿದು ನಿಂತಿದ್ದ’ ಎಂದು ಬಾಯಿಂದಲೇ ಹೆಣೆದು ಓದಿದೆ.

“ಹಾಗೆ ಬರ್ದಿಲ್ಲ ನೀನು,” ಎಂದಳು ಅಮ್ಮ. “ಇಷ್ಟೊತ್ತು ಗಡಗಡ ಓದ್ತಿದ್ದವಳು ಈಗ ತಡವರಿಸ್ತಿದ್ದೀಯ. ಇರೋದನ್ನ ಓದು.”

ಇರುವುದನ್ನು ಓದಿದೆ. ‘ಅವನು ನಾಯಿಯ ಹಾಗೆ ಕೂಗಿದ. ದ್ರೋಹಿಗೆ ತಕ್ಕ ಶಾಸ್ತಿಯಾಯಿತು. ಮೇಲೆ ನಿಂತು ನಾನು ಚಪ್ಪಾಳೆ ತಟ್ಟಿದೆ. ನನ್ನನ್ನು ನೋಡಿ ಎಲ್ಲರೂ ತಟ್ಟಿದರು.’

ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು, ಅಮ್ಮ ಹೋಗಿ ತಿರುಗಿಸಿ ಬಂದಳು.

“ಇದನ್ನ ಎಷ್ಟು ಜನ ಓದಿದ್ದಾರೆ?”

“ಪಾಠ ಆಗಿದೆಯಲ್ಲಮ್ಮ. ಸಾವಿರಾರು ಮಕ್ಕಳು.”

“ಅವನ ಮನೆಯವರು?”

“ಮೊಮ್ಮಗಳು ಓದಿದ್ದಾಳೆ. ಪರೀಕ್ಷೆಯಲ್ಲೂ ಬರೆದ್ಲಂತೆ.”

ಅಮ್ಮ ನನ್ನ ಕುರ್ಚಿಯ ಹಿಂದೆ ಬಂದು, ಎರಡೂ ತೋಳುಗಳನ್ನು ನನ್ನ ಹೆಗಲ ಮೇಲಿಂದ ಮುಂದಕ್ಕೆ ಚಾಚಿ, ನನ್ನ ಎರಡೂ ಮಣಿಕಟ್ಟು ಹಿಡಿದಳು. ಪೆನ್ನು ಮೇಜಿನ ಮೇಲೆ ಬಿತ್ತು. ನನ್ನ ಅಂಗೈಗಳನ್ನು ಒಂದಕ್ಕೊಂದು ಬಡಿದಳು. ಒಂದು ಸಲ, ಮತ್ತೊಂದು ಸಲ.

“ಹೀಗೆ,” ಎಂದಳು. “ಕೂಗಿದ್ದು ಅವನಲ್ಲ, ತಟ್ಟಿದ್ದು ನೀನಲ್ಲ ಕಣೇ. ಕೂಗಿದ್ದು ನಾನು. ಬಾಯಿಂದ ಹೊರಟೇಬಿಡ್ತು. ನಿಮ್ಮಪ್ಪ ತಟ್ಟನೆ ತಲೆ ಎತ್ತಿ ಮೇಲೆ ನೋಡ್ದ. ಏನು ಮಾಡ್ಲಿ? ನಿನ್ನ ಕೈ ಹಿಡಿದು ಚಪ್ಪಾಳೆ ತಟ್ಟಿಸ್ದೆ. ಖುಷಿಗೆ ಕೂಗಿದ್ದು ಅಂದ್ಕೊಳ್ಲಿ ಅಂತ. ನಿನ್ನ ಕೈ ತಣ್ಣಗೆ ಮಂಜುಗಡ್ಡೆ ಆಗಿತ್ತು.”

ನನಗೆ ಅಳು ಬಂತು. ಸುಮಾರು ನಲವತ್ತು ವರ್ಷ ಆ ಚಪ್ಪಾಳೆ ನನ್ನದೆಂದೇ ನಾನು ತಿಳಿದಿದ್ದೆ. ಒಂದು ಕಾಲದಲ್ಲಿ ಅದರಿಂದ ಹೆಮ್ಮೆಪಟ್ಟಿದ್ದೆ, ಆಮೇಲೆ ಒಳಗೊಳಗೇ ನಾಚಿದ್ದೆ, ಆ ನಾಚಿಕೆಯನ್ನೇ ಪ್ರಾಮಾಣಿಕತೆ ಎಂದು ಅಚ್ಚು ಹಾಕಿಸಿದ್ದೆ.

“ಬರಿ,” ಎಂದಳು ಅಮ್ಮ.

“ಏನನ್ನ?”

“ಎಲ್ಲಾನೂ. ಅವನು ಯಾರಿಗೋಸ್ಕರ ಹೋದ, ನಾನು ಏನು ಮಾಡ್ದೆ, ಎಲ್ಲಾ. ಆ ಹುಡುಗಿ ತಾತನ್ನ ಹಾಗೆ ಅಂದ್ಕೊಂಡು ಬೆಳೀಬಾರದು.”

“ಚಿಕ್ಕಪ್ಪ ಭಾನುವಾರ ಬರ್ತಾನಮ್ಮ.”

“ಬರ್ಲಿ. ಓದೋಕೆ ಬರುತ್ತಲ್ಲ ಅವನಿಗೆ, ಓದ್ಲಿ. ನೀನು ಬರಿ.”

ಅವಳ ಗಲ್ಲ ನನ್ನ ನೆತ್ತಿಯ ಮೇಲಿತ್ತು. ಉಸಿರು ಜೋರಾಗಿ ಬರುತ್ತಿತ್ತು. ನಾನು ಪೆನ್ನು ಎತ್ತಿಕೊಳ್ಳಲು ನೋಡಿದೆ, ಆಗಲಿಲ್ಲ.

“ಬರಿ, ಬರಿ,” ಎನ್ನುತ್ತಲೇ ಇದ್ದಳು ಅಮ್ಮ. ನನ್ನ ಕೈಗಳನ್ನು ಮಾತ್ರ ಬಿಡಲಿಲ್ಲ.